ಹಳೇ ಲೇತಿಗೆ ಸಿಕ್ಕಿದ ಸ್ಟೆಡಿ

ಶನಿವಾರ, 15-11-2025

ನಮ್ಮ ವರ್ಕ್‌ಶಾಪಿನ ಕಬ್ಬಿಣ ಕಡೆಯೋ ಹಳೇ ಲೇತಲ್ಲಿ ಉದ್ದನೆ ಶಾಫ್ಟು ನಡುಗದಂಗೆ ಹಿಡಿಯೋ ಸ್ಟೆಡಿ ಒಡೆದಾಗಿಂದ ಮರಿಯಣ್ಣನ ಆಲೆಮನೆ ಗಾಣದ ಶಾಫ್ಟಿನ ಕೆಲಸ ನಿಂತಿದೆ. ಗದ್ದೇಲಿ ಕಡಿದ ಕಬ್ಬು ಒಣಗ್ತಿದೆ. ಹಾಸನದಲ್ಲಿ ಸಿಕ್ಕಿದ ಸ್ಟೆಡಿ ಗಿಡ್ಡ, ಹೊಳೆನರಸೀಪುರದ್ದು ಲೇತಿನ ಮೇಲೆ ಕೂರಲೇ ಇಲ್ಲ. ಇವತ್ತು ಯಜಮಾನರು ಚನ್ನರಾಯಪಟ್ಟಣದ ಗುಜರಿಯಲ್ಲಿ ಸರಿಯಾದ್ದು ಸಿಕ್ತು ಅಂತ ನಗ್ತಾ ಬಂದರು, ಬರಿಗೈಲಿ.

“ಎಲ್ರೀ ಅದು?”

“ಶನಿವಾರ ಕಬ್ಬಿಣ ತಂದ್ರೆ ಒಳಕ್ಕೆ ಬಿಡ್ತೀಯೇನೆ? ಗುಜರಿಯೋನಿಗೆ ಎತ್ತಿಡಪ್ಪ ಅಂತ ಹೇಳಿ ಬಂದೆ.”

“ಬೇರೆಯೋರು ಕೊಂಡ್ಕೊಂಡ್ರೆ?”

“ನಿನ್ ಶನಿದೇವ್ರು ಕಾಯ್ತಾನೆ ಬುಡು.”

ದೇವರಿಗೆ ಕೈ ಮುಗಿಯದ ಮನುಷ್ಯ, ನನ್ನ ನೇಮಕ್ಕೆ ಅಷ್ಟು ದೂರ ಮತ್ತೆ ಹೋಗ್ತಾರೆ. ಇಂಥೋರು ಎಷ್ಟು ಜನ ಸಿಗ್ತಾರೆ? ಶನಿಮಹಾತ್ಮ, ಅದನ್ನ ಯಾರೂ ಮುಟ್ಟದಿರಲಿ. ಬೆಳಗ್ಗೆ ಮೊದಲ ಬಸ್ಸಿಗೆ ನಾನೂ ಹೊರಡ್ತೀನಿ, ಆ ಭಾರ ಅವರೊಬ್ಬರೇ ಯಾಕೆ ಹೊರಬೇಕು?