ಹಾಲಿನಂತಾಗದ ಸುಣ್ಣದ ನೀರು

೧೮ ಫೆಬ್ರವರಿ ೧೯೬೪, ಮಂಗಳವಾರ. ಕುಮಟಾ.

ದುರ್ಗಿಯ ಪ್ರಯೋಗದ ಜರ್ನಲ್ ಬಿಡಿಸಿಟ್ಟುಕೊಂಡು ಕೂತಿದ್ದೇನೆ. ಊದಿದರೆ ಸುಣ್ಣದ ತಿಳಿನೀರು ಹಾಲಿನಂತಾಗುತ್ತದೆ ಎಂದು ಬೋರ್ಡಿನ ಮೇಲೆ ನಾನೇ ಬರೆದಿದ್ದೆ. ಮೂವತ್ತು ಮಕ್ಕಳು ಅದನ್ನೇ ಇಳಿಸಿಕೊಂಡರು. ಇವಳೊಬ್ಬಳು ‘ಆಗಲಿಲ್ಲ’ ಎಂದು ಬರೆದಳು. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

“ನಂಗೆ ಬೆಳ್ಳಗಾಗ್ಲೇ ಇಲ್ಲ ಸರ್. ಆತು ಅಂತ ಎಂತಕೆ ಬರೀಲಿ? ಈ ಸುಣ್ಣದ ಸತ್ವ ಹೋಗಿದೆ,” ಅಂದಳು. ಅಘನಾಶಿನಿಯಲ್ಲಿ ಅವಳಪ್ಪ ಚಿಪ್ಪು ಸುಟ್ಟು ಸುಣ್ಣ ಮಾಡುವವನು. ಆದರೂ ಗದರಿದೆ.

ಸಂಜೆ ಎಲ್ಲರೂ ಹೋದ ಮೇಲೆ ಅದೇ ಬಾಟಲಿಯ ನೀರಿಗೆ ಪಪ್ಪಾಯಿ ದಂಟಿನಿಂದ ತಲೆ ತಿರುಗುವವರೆಗೆ ಊದಿದೆ. ನೀರು ತಿಳಿಯಾಗಿಯೇ ಇತ್ತು.

ನಾಡಿದ್ದು ಪರೀಕ್ಷಕರು ಜರ್ನಲ್ ನೋಡುತ್ತಾರೆ. ಅವಳದು ಸರಿಯೆಂದರೆ ಉಳಿದ ಮೂವತ್ತೂ ಸುಳ್ಳು. ಹಾಗಾದರೆ ಕೆಂಪು ಗೀಟು ಎಲ್ಲಿ ಎಳೆಯಲಿ? ನಾನು ಬರೆದ ಬೋರ್ಡನ್ನು ಆಗಲೇ ಒರೆಸಿ ಆಗಿದೆ.