ಬೆನ್ನ ಹಿಂದೆ ನಿಂತ ದುಭಾಷಿ

ಅಂಗವಿಕಲರ ವಸತಿಗೃಹಗಳ ಮೇಲಿನ ದೂರುಗಳನ್ನು ತನಿಖೆ ಮಾಡುವ ಅಧಿಕಾರಿಗಳಾದ ಮಾನ್ಯರೇ,

ನನ್ನ ತಮ್ಮನನ್ನು ಗಾಲಿಕುರ್ಚಿಗೆ ಕಟ್ಟಿಹಾಕುತ್ತಿದ್ದಾರೆಂದು ನಾನು ದೂರು ಕೊಟ್ಟೆ. ತಾವು ಬಂದಿರಿ, ವಿಚಾರಿಸಿದಿರಿ, 'ತಮಗೆ ಯಾವ ತೊಂದರೆಯೂ ಇಲ್ಲವೆಂದು ನಿವಾಸಿಯೇ ಖುದ್ದಾಗಿ ತಿಳಿಸಿರುತ್ತಾರೆ' ಎಂದು ಬರೆದು ದೂರನ್ನು ಮುಗಿಸಿದಿರಿ. ಸ್ವಾಮೀ, ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತು ಬಾರದು. ಅವನು ತಮಗೆ ತಿಳಿಸಿದ್ದಂತೂ ನಿಜ. ತಮಗೆ ತಿಳಿಯಲಿಲ್ಲ ಎಂಬುದೇ ನನ್ನ ತಕರಾರು.

ಮನೆಯಲ್ಲಿ ನಾವು ಅವನನ್ನು ದೊರೆ ಎಂದು ಕರೆಯುತ್ತೇವೆ. ಕೂತಲ್ಲಿಂದಲೇ ಒಂದು ಬೆರಳಾಡಿಸಿ ಇಡೀ ಮನೆಯನ್ನು ಕುಣಿಸುತ್ತಿದ್ದವನು. ಕಾಲಿಗೆ ಬಲವಿಲ್ಲ, ಕೈಗಳೇ ಅವನ ಬಾಯಿ. ಎಲ್ಲರಿಗೂ ಅವನದೇ ಹೆಸರುಗಳಿವೆ: ಕಿವಿಯ ಹಾಲೆ ಎಳೆದರೆ ನಾನು, ಹೊಟ್ಟೆಯ ಮುಂದೆ ಕೈಯನ್ನು ದೊಡ್ಡದಾಗಿ ಗುಂಡಗೆ ಸುತ್ತಿದರೆ ನಮ್ಮ ಸೋದರಮಾವ. (ಮಾವನಿಗೆ ಇದು ಈ ಪತ್ರ ಓದಿದ ಮೇಲೆ ಗೊತ್ತಾಗುತ್ತದೆ. ಆಗಲಿ.) ಗಾಳಿಯಲ್ಲಿ ಕೀಲಿಕೈ ತಿರುಗಿಸಿದರೆ ವಸತಿಗೃಹದ ಮೇಲ್ವಿಚಾರಕ. ಅಮ್ಮ ತೀರಿಕೊಂಡ ಮೇಲೆ ಹಗಲು ನೋಡಿಕೊಳ್ಳುವವರಿಲ್ಲದೆ ಅವನನ್ನು ಅಲ್ಲಿ ಸೇರಿಸಿದೆವು.

ಹೋದ ತಿಂಗಳು ನೋಡಲು ಹೋದಾಗ ದೊರೆ ಕೀಲಿಕೈ ತಿರುಗಿಸಿದ. ಎರಡು ಮಣಿಕಟ್ಟುಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ತೋರಿಸಿದ. ಆಮೇಲೆ ಲೋಟ ಎತ್ತಿ ಬಾಯಿಗೆ ಹಿಡಿದಂತೆ ಮಾಡಿ, ಇಲ್ಲವೆಂದು ತಲೆಯಾಡಿಸಿದ. ಅಂಗಿಯ ತೋಳು ಸರಿಸಿದರೆ ಬಟ್ಟೆ ಬಿಗಿದ ಗುರುತು ಕಪ್ಪಗೆ ಮೂಡಿತ್ತು. ಮೇಲ್ವಿಚಾರಕರನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಕಟ್ಟದೇ ಇದ್ರೆ ಜಾರಿ ಬೀಳ್ತಾನಮ್ಮ. ನೀರು ಜಾಸ್ತಿ ಕುಡಿಸಿದ್ರೆ ಬಾತ್‌ರೂಮಿಗೆ ಎತ್ಕೊಂಡು ಹೋಗೋರ್ಯಾರು? ನೀವು ಬರ್ತೀರಾ?" ಅಲ್ಲಿಂದ ನೇರವಾಗಿ ತಮ್ಮ ಕಚೇರಿಗೆ ಬಂದೆ.

ತಮ್ಮ ತನಿಖೆಯ ವೈಖರಿಯನ್ನು ಹೊಗಳದೆ ಇರಲಾರೆ. ಬರುವ ದಿನವನ್ನು ಮೊದಲೇ ವಸತಿಗೃಹಕ್ಕೆ ತಿಳಿಸಿದಿರಿ. ಹೀಗಾಗಿ ಗೋಡೆಗೆಲ್ಲ ಹೊಸ ಬಣ್ಣ, ಮೇಜುಮೇಜಿನ ಮೇಲೂ ನೀರಿನ ಜಗ್ಗು. ಒಳಗೆ ಬರಲು ಹೋದ ನನ್ನನ್ನು ತಾವೇ ತಡೆದಿರಿ. "ಮನೆಯವ್ರು ಹೊರಗಿರಿ, ಸಾಕ್ಷಿ ಮೇಲೆ ಪ್ರಭಾವ ಬೀಳುತ್ತೆ." ಒಪ್ಪಿದೆ. ಆದರೆ ಅವನ ಕೈಮಾತನ್ನು ತಮಗೆ ಅರ್ಥ ಮಾಡಿಸಲು ಒಳಗೆ ಇಟ್ಟುಕೊಂಡದ್ದು ಯಾರನ್ನು? ಯಾರ ಮೇಲೆ ದೂರಿತ್ತೋ ಅದೇ ಮೇಲ್ವಿಚಾರಕರನ್ನು! ಅಕ್ಕನ ಪ್ರಭಾವ ಕೆಟ್ಟದ್ದು, ಕಟ್ಟಿಹಾಕಿದವರ ಪ್ರಭಾವ ಮಾತ್ರ ಒಳ್ಳೆಯದೇ?

ಬಾಗಿಲಿಗೆ ಗಾಜಿತ್ತು ಸ್ವಾಮೀ. ನಾನು ನೋಡುತ್ತಲೇ ಇದ್ದೆ. ದೊರೆ ಕೀಲಿಕೈ ತಿರುಗಿಸಿದ, ಮಣಿಕಟ್ಟು ಬಿಗಿದ, ಲೋಟ ಎತ್ತಿ ತಲೆಯಾಡಿಸಿದ. ತಮಗೆ ತಿಳಿಯಲೆಂದು ನಿಧಾನವಾಗಿ ಮತ್ತೊಮ್ಮೆ ಮಾಡಿದ. ಮೇಲ್ವಿಚಾರಕರು ನಿಂತಿದ್ದದ್ದು ಗಾಲಿಕುರ್ಚಿಯ ಹಿಂದೆ. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ನನ್ನ ತಮ್ಮನ ನೆತ್ತಿ, ಕೈಗಳಲ್ಲ. ಕೈ ನೋಡದೆಯೇ ಕೈಮಾತಿನ ಅರ್ಥ ಹೇಳುವ ದುಭಾಷಿ! ತಾವು ತಲೆಯಾಡಿಸುತ್ತಾ ಸರಸರನೆ ಬರೆದುಕೊಂಡಿರಿ.

ಹೊರಗೆ ಬಂದಾಗ ತಮ್ಮ ಮುಖದಲ್ಲಿ ಸಮಾಧಾನವಿತ್ತು. "ನೋಡಮ್ಮ, ಏನೂ ತೊಂದ್ರೆ ಇಲ್ವಂತೆ. ಊಟ ಚೆನ್ನಾಗಿದೆ ಅಂತಾನೆ."

"ಯಾರು ಹೇಳಿದ್ದು ಸಾರ್?"

"ಅವನೇ."

"ಅವನಿಗೆ ಮಾತೇ ಬರಲ್ವಲ್ಲ ಸಾರ್!"

"ಅದಕ್ಕೇ ಇವ್ರಿದ್ರಲ್ಲಮ್ಮ."

ನಾನು ಫ್ರಿಜ್ ರಿಪೇರಿ ಕಂಪನಿಯಲ್ಲಿ ಫೋನಿನಲ್ಲಿ ಬರುವ ದೂರು ಬರೆದುಕೊಳ್ಳುವವಳು. ಫ್ರಿಜ್ ತಣ್ಣಗಾಗುತ್ತಿಲ್ಲ ಎಂದರೆ ನಮ್ಮ ಹುಡುಗರು ಮನೆಗೆ ಹೋಗಿ ಅದರ ಬಾಗಿಲನ್ನಾದರೂ ತೆರೆದು ನೋಡುತ್ತಾರೆ. ತಾವು ಅವನ ತೋಳು ಸರಿಸಿ ಮಣಿಕಟ್ಟನ್ನು ಯಾಕೆ ನೋಡಲಿಲ್ಲ? ನನ್ನ ತಮ್ಮ ಒಂದು ಫ್ರಿಜ್ಜಿಗಿಂತ ಕಡೆಯಾದನೇ?

ಈಗಿನ ಸ್ಥಿತಿ ಕೇಳಿ. ಅವನನ್ನು ಮನೆಗೆ ಕರೆತರಲು ತಮ್ಮ ಕಚೇರಿಯ ಅಪ್ಪಣೆ ಬೇಕಂತೆ. ಅಲ್ಲಿ ಸುರಕ್ಷಿತವಾಗಿದ್ದಾನೆಂದು ತಾವೇ ಬರೆದಿರುವಾಗ ಅಪ್ಪಣೆಗೆ ಕಾರಣವೇ ಇಲ್ಲವಂತೆ! 'ಸುಳ್ಳು ದೂರು' ಕೊಟ್ಟವಳೆಂದು ನನ್ನ ಭೇಟಿಯೂ ಮೇಲ್ವಿಚಾರಕರ ಎದುರಿಗೇ ನಡೆಯಬೇಕು. ಇವತ್ತು ಬಾಯಾರಿದರೆ ಅವನು ನೀರು ಕೇಳಬೇಕಾದದ್ದು ಅವರನ್ನೇ, ಅದೂ ದೂರು ಹೋದ ಮೇಲೆ. ನನಗೆ ಭಯವಾಗುತ್ತಿದೆ.

ಆದ್ದರಿಂದ ಆ ವರದಿಯನ್ನು ರದ್ದು ಮಾಡಿ. ಮರುತನಿಖೆ ಮುಗಿಯುವವರೆಗೆ ಮೇಲ್ವಿಚಾರಕರನ್ನು ಅಲ್ಲಿಂದ ದೂರವಿಡಿ. ಹೇಳದೆ ಕೇಳದೆ ಬನ್ನಿ. ಕೈಮಾತು ಬಲ್ಲ ಹೊರಗಿನವರೊಬ್ಬರನ್ನು ಜೊತೆಗೆ ತನ್ನಿ, ಅವರನ್ನು ದೊರೆಯ ಎದುರಿಗೆ ಕೂರಿಸಿ. ನಾನು ಬೇಕಾದರೆ ಬೀದಿಯಲ್ಲೇ ನಿಂತಿರುತ್ತೇನೆ.

ಇನ್ನೊಂದು ಮಾತು. ತಮಗೂ ಅವನು ಒಂದು ಹೆಸರಿಟ್ಟಿದ್ದಾನೆ. ಮೊನ್ನೆ ಹೋದಾಗ ಅಂಗೈ ಮೇಲೆ ಬೆರಳಿನಿಂದ ಸರಸರ ಬರೆದು ತೋರಿಸಿದ. ಬರೆದುಕೊಂಡವರು, ಅಂದರೆ ತಾವು. ಆಮೇಲೆ ಬಾಗಿಲ ಕಡೆ ಕೈ ಮಾಡಿ ಹುಬ್ಬೇರಿಸಿದ: ಯಾವಾಗ ಬರ್ತಾರೆ? ಬೆನ್ನ ಹಿಂದಿನ ಮಾತು ಅವನಿಗೆ ಕೇಳಿಸಿರಲಿಲ್ಲ, ಕಂಡದ್ದು ತಮ್ಮ ಪೆನ್ನು ಮಾತ್ರ. ತಾನು ಹೇಳಿದ್ದನ್ನೆಲ್ಲ ತಾವು ಬರೆದುಕೊಂಡಿದ್ದೀರಿ ಎಂದೇ ನಂಬಿ ಕೂತಿದ್ದಾನೆ. ಇಲ್ಲವೆನ್ನಲು ನನ್ನ ಕೈ ಏಳಲಿಲ್ಲ. ಬರ್ತಾರೆ ಎಂದು ತೋರಿಸಿ ಬಂದಿದ್ದೇನೆ.

ಇಂತಿ,
ತಮ್ಮ ಪರವಾಗಿ ಮಾತು ಕೊಟ್ಟು ಬಂದು, ಗಾಜಿನ ಬಾಗಿಲಾಚೆ ಕಾಯುತ್ತಿರುವ
ದೊರೆಯ ಅಕ್ಕ