ಹಂಡೆಗೆ ಹಿಡಿಸದ ತೊಟ್ಟಿ

ಹುಕ್ಕೇರಿ

ಭೀಮರಾಯರಿಗೆ ನಮಸ್ಕಾರ.

ನಮ್ಮ ಉಪ್ಪುನೀರಿನ ಮೀನುತೊಟ್ಟಿಯಲ್ಲಿ ಸೀಗಡಿಗಳು ಮೂರನೆಯ ಸಲ ಸತ್ತವು. ಹವಳವೂ ಬೆಳ್ಳಗಾಗುತ್ತಿದೆ. ನಾನೂರು ಲೀಟರಿನ ತೊಟ್ಟಿ, ದೊಡ್ಡ ಪಂಪು, ಕೊಳೆ ತೆಗೆಯುವ ಸ್ಕಿಮ್ಮರ್ ಹಾಕಿಸಿದರೆ ಸರಿಹೋಗುತ್ತದೆ ಎಂದಿರಿ. ಅಂಗಡಿಯವರು ಮಾಲು ಸಾಗಹಾಕುವ ಮಾತು ಎಂದುಕೊಂಡೆ. ನೀವು ಮೊದಲು ಕೊಟ್ಟ ಪಂಪಿನ ಮೇಲೆಯೇ ನನಗೆ ಸಂಶಯವಿತ್ತು.

ನೀರು ಪರೀಕ್ಷಿಸಿದೆ. ತಾಮ್ರ ಕಂಡಿತು. ಹವಳಕ್ಕೆ, ಸೀಗಡಿಗೆ ಅದು ವಿಷ. ಪಂಪು ಬಿಚ್ಚಿದೆ, ಅದರಲ್ಲಿ ನೀರಿಗೆ ತಾಮ್ರ ಎಲ್ಲೂ ತಾಗುವುದಿಲ್ಲ. ನಿಮ್ಮ ಉಪ್ಪನ್ನು ಪ್ಲಾಸ್ಟಿಕ್ ಕೊಡದಲ್ಲಿ ಕಲಸಿ ನೋಡಿದೆ, ಅದೂ ಶುದ್ಧ.

ಉಳಿದದ್ದು ಅಮ್ಮನ ಹಂಡೆ. ತವರಿನಿಂದ ತಂದ ತಾಮ್ರದ ಹಂಡೆಯನ್ನು ಅಮ್ಮ ಪ್ರತಿ ಗುರುವಾರ ಹುಣಸೆಹಣ್ಣಿನಿಂದ ತಿಕ್ಕಿ, ಮೀನಿನ ನೀರಿಗೆ ಅದರಲ್ಲೇ ಉಪ್ಪು ಕಲಸಿಡುತ್ತಾಳೆ. "ತಾಮ್ರದ ನೀರು ಮನಷ್ಯಾರಿಗೆ ಚಲೋ, ಮೀನಕ್ಕ ಬ್ಯಾಡೇನು?" ಎನ್ನುತ್ತಾಳೆ.

ನಿನ್ನೆ ಸತ್ತ ಸೀಗಡಿ ತೆಗೆಯುವಾಗ ಕೇಳಿದಳು: "ನಬಿಲಾಲ, ನನ್ನ ಕೈಗುಣ ಕೆಟ್ಟೈತೇನೋ?"

"ಪಂಪ್ ಖರಾಬ್ ಐತಿ ಅಮ್ಮಾ" ಎಂದುಬಿಟ್ಟೆ. ನಿಮ್ಮ ಹೆಸರು ಕೆಡಿಸಿದ್ದಕ್ಕೆ ಕ್ಷಮಿಸಿ.

ಆದ್ದರಿಂದ ನೀವು ಹೇಳಿದ ದೊಡ್ಡ ತೊಟ್ಟಿಯನ್ನೇ ಆರಿಸಿದ್ದೇನೆ. ಪಂಪು, ಸ್ಕಿಮ್ಮರ್ ಜೊತೆ ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮೂ ಬರಲಿ. ಜೋಡಿಸಲು ನೀವೇ ಬನ್ನಿ, ನನ್ನ ಮಾತನ್ನು ಅಮ್ಮ ನಂಬುವುದಿಲ್ಲ. ಹಂಡೆ ಯಾಕೆ ಬೇಡ ಎಂದು ನಿಮ್ಮನ್ನು ಕೇಳಿಯೇ ಕೇಳುತ್ತಾಳೆ.

ಇಷ್ಟು ದೊಡ್ಡ ತೊಟ್ಟಿಗೆ ಹಂಡೆ ಸಣ್ಣದಾಯಿತು ಎನ್ನಿ. ಅದು ಸುಳ್ಳೂ ಅಲ್ಲ.

ನಿಮ್ಮ ದಾರಿ ನೋಡುವ,
ನಬಿಲಾಲ